ಅಕ್ಕನ ಅರ್ಜಿಯ ಕೊನೆಯ ಮಾತು

ಆ ಕಾಲದ ಕೆಂಪಾಪುರದಲ್ಲಿ ಅರ್ಜಿಯನ್ನು ಊರಿಗೆಲ್ಲ ಓದಿ ಹೇಳಬೇಕಿತ್ತು. ಕೇಳದೆ ಯಾರೂ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಯಿರಬೇಕು, ಅವರೆಕಾಯಿ ಕಾಲ. ಅಕ್ಕನ ಹೈಸ್ಕೂಲಿದ್ದ ಹೆಬ್ಬಾಳಕ್ಕೆ ಹೋಗುವ ಬಸ್ಸು ನಮ್ಮೂರ ಗೇಟಿನಲ್ಲಿ ನಿಲ್ಲುವುದನ್ನು ಬಿಟ್ಟಿತ್ತು. ಕೆರೆ ಏರಿಯ ಮೇಲೆ ಹೆಣ್ಣುಮಗಳು ಒಬ್ಬಳೇ ನಡೆಯುವುದು ಬೇಡ, ಸಂಕ್ರಾಂತಿಯಾದ ಮೇಲೆ ಹೈಸ್ಕೂಲು ಸಾಕು ಎಂದು ಅಪ್ಪ ಅಕ್ಕನಿಗೆ ಹೇಳಿಬಿಟ್ಟಿದ್ದ. ನಾನಿನ್ನೂ ಊರಿನ ಶಾಲೆಯಲ್ಲಿದ್ದೆ.

ಅಕ್ಕ ಬಸ್ಸಿನ ಸಾಹೇಬರಿಗೆ ಅರ್ಜಿ ಬರೆದಳು. ಅವರೆಕಾಯಿಯ ಸೊಗಡು ತುಂಬಿದ ಜಗಲಿಯಲ್ಲಿ ಎಲ್ಲರೂ ಕಾಯಿ ಸುಲಿಯುತ್ತ ಕೂತಿದ್ದಾಗ ಓದತೊಡಗಿದಳು: ‘ಬಸ್ಸು ನಿಲ್ಲುವುದಿಲ್ಲ.’

“ಇದೇನವ್ವಾ?” ದೊಡ್ಡಪ್ಪ ತಡೆದ. “ಮಹಾಸನ್ನಿಧಾನ ಎಲ್ಲೋಯ್ತು? ಕೈಮುಗಿದು ಮಾಡ್ಕೊಳ್ಳೋ ಅರಿಕೆ ಎಲ್ಲೋಯ್ತು? ಸಾಹೇಬ್ರಿಗೆ ಇಂಗೆ ಬರೀತಾರಾ?”

“ಅದೆಲ್ಲ ಓದೋಷ್ಟರಲ್ಲಿ ಅವ್ರಿಗೆ ನಿದ್ದೆ ಬಂದಿರ್ತದೆ, ದೊಡ್ಡಪ್ಪಾ.”

“ಇವ್ಳು ಓದೋದೇ ಒಂದು, ಬರ್ದಿರೋದೇ ಒಂದು. ಖಾದರ್ ಸಾಬ್ರೇ, ನೀವ್ ಓದ್ರೀ.”

ಸೈಕಲ್ ಅಂಗಡಿಯ ಖಾದರ್ ಸಾಬರು ಗ್ರೀಸು ಒರೆಸಿಕೊಂಡು ಹಾಳೆಯ ಅಂಚು ಹಿಡಿದರು. ‘ಬಸ್ಸು ನಿಲ್ಲುವುದಿಲ್ಲ. ಮಳೆಯಲ್ಲೂ ನಿಲ್ಲುವುದಿಲ್ಲ. ಬಸುರಿ ಕೈ ಅಡ್ಡ ಹಿಡಿದರೂ ನಿಲ್ಲುವುದಿಲ್ಲ.’ ಆಮೇಲೆ ಹಾಲು, ತರಕಾರಿ ಹೊತ್ತು ನಡೆಯುವವರ ಬಗ್ಗೆ ಒಂದು ಉದ್ದನೆಯ ವಾಕ್ಯ. ಕೊನೆಗೆ: ‘ನಮ್ಮ ಮನೆಯಲ್ಲಿ ತಮ್ಮ ಓದುತ್ತಾನೆ. ಓದು ಬಿಡುವವಳು ನಾನು.’

“ಮೋಸ ಏನಿಲ್ಲ ಅಣ್ಣಾ,” ಎಂದರು ಸಾಬರು.

ಅಪ್ಪನ ಕೈ ಕಾಯಿಯ ರಾಶಿಯಲ್ಲೇ ನಿಂತಿತ್ತು. “ಕೊನೇದು ಯಾಕ್ ಬರ್ದೆ?”

“ಸಾಹೇಬ್ರಿಗೆ ಗೊತ್ತಾಗ್ಲಿ ಅಂತ.”

ಮರುದಿನ ಬೆಳಿಗ್ಗೆ ಅಪ್ಪ ಸೈಕಲ್ಲನ್ನು ಬೀದಿಗಿಳಿಸಿ, ಅಕ್ಕನತ್ತ ನೋಡದೆಯೇ “ಹತ್ತು” ಎಂದ. ಅವಳ ಹೈಸ್ಕೂಲು ಮುಗಿಯುವವರೆಗೂ ದಿನಾ ಬಿಟ್ಟು ಬಂದ. ಬಸ್ಸು ಮಾತ್ರ ನಿಲ್ಲಲೇ ಇಲ್ಲ.

ಆ ಅರ್ಜಿ ಅಂಚೆಗೆ ಬಿತ್ತೇ ಎಂಬುದೇ ನನ್ನ ಅನುಮಾನ. ತನ್ನ ಬಾಯಿಂದ ಅಪ್ಪನಿಗೆ ಹೇಳಲಾಗದ್ದನ್ನು ಅವಳು ಊರವರೆದುರು ಬೇರೆಯವರಿಂದ ಓದಿಸಿದಳೇ? ದೊಡ್ಡಪ್ಪ ನಂಬುವುದಿಲ್ಲವೆಂದು ಮೊದಲೇ ಲೆಕ್ಕ ಹಾಕಿದ್ದಳೇ? ಕೇಳಿದರೆ ನಗುತ್ತಾಳೆ: “ನೀನೆಲ್ಲಿದ್ದೆ ಅಲ್ಲಿ? ಬುಗುರಿ ಆಡೋಕೆ ಹೋಗಿದ್ದೆ ಕಣೋ.” ಹಾಗಾದರೆ ಆ ಸಾಲುಗಳನ್ನು ಜೋಡಿಸಿದವನು ನಾನೇ ಇರಬಹುದು.

ಈಗ ಅದೇ ಹೆಬ್ಬಾಳದ ರಸ್ತೆಯ ಬಗ್ಗೆ ನಾನೂ ಅರ್ಜಿ ಬರೆಯುತ್ತೇನೆ. ಚಿಕ್ಕ ವಾಕ್ಯ ಮೊದಲು, ನೋಯುವ ಮಾತು ಕೊನೆಗೆ. ತಲುಪಿದೆ ಎಂಬ ಉತ್ತರವೂ ಬರುತ್ತದೆ. ಆದರೆ ಪೂರ್ತಿ ಓದಿಸದೆ ಬಿಡದ ದೊಡ್ಡಪ್ಪ ಇಲ್ಲ, ಕೇಳಿ ಮನಸ್ಸು ಬದಲಿಸುವ ಅಪ್ಪನೂ ಇಲ್ಲ.