ಕಾಕಾನನ್ನು ಹಿಂದಕ್ಕೆ ಕಳಿಸಿದ ಭಾನುವಾರ

ಹೋದ ಭಾನುವಾರ ಬೆಳಿಗ್ಗೆ ಗದಗಿನಲ್ಲಿ ಒಂದು ತಪ್ಪು ಮಾಡಿದೆ. ಸಂಗೀತ ಕಛೇರಿ ಕೇಳಲು ಬಂದಿದ್ದ ಹಿರಿಯರೊಬ್ಬರನ್ನು ಮುಂದಿನ ಸಾಲಿನಿಂದ ಎಬ್ಬಿಸಿದೆ. ಕೈ ಮುಗಿದೇ ಎಬ್ಬಿಸಿದೆ ಅನ್ನಿ. (ಕೈ ಮುಗಿದು ಮಾಡಿದರೆ ತಪ್ಪು ಸಣ್ಣದಾಗುತ್ತದೆ ಅನ್ನುವ ಭ್ರಮೆ ನನಗೆ ಮೊದಲಿಂದಲೂ ಇದೆ.)

ಇದಕ್ಕೆಲ್ಲ ಕಾರಣ ಹಾನಾ. ಜೆಕ್ ದೇಶದ ಹುಡುಗಿ, ಹಕ್ಕಿಗಳ ಬಗ್ಗೆ ಓದುತ್ತಿದ್ದಾಳೆ. ಚಳಿಗಾಲದಲ್ಲಿ ನಮ್ಮೂರ ಹತ್ತಿರದ ಮಾಗಡಿ ಕೆರೆಗೆ ಬರುವ ಬಾತುಗಳನ್ನು ನೋಡಲು ಬಂದವಳು, ಲಕ್ಷ್ಮೇಶ್ವರದ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಒಂದು ತಿಂಗಳಿಂದ ಇದ್ದಾಳೆ. ಲಕ್ಕುಂಡಿಯ ಗುಡಿ ನೋಡಿದಳು, ಕಪ್ಪತಗುಡ್ಡ ಹತ್ತಿದಳು. ಗದಗಿನ ಮಿರ್ಚಿ ತಿಂದು ಕಣ್ಣೀರು ಸುರಿಸಿ, ಇನ್ನೊಂದು ಕೇಳಿದಳು. ಅವಳ ಖುಷಿ ನೋಡಿದಾಗ ನಮ್ಮೂರು ಇಷ್ಟು ಚೆಂದ ಇದೆಯಾ ಅಂತ ನನಗೇ ಅನುಮಾನ ಬಂತು.

ಒಂದು ದಿನ ನಾನೂ ಅವಳ ಜೊತೆ ಕೆರೆಗೆ ಹೋದೆ. ನೀರಿನ ತುಂಬ ಬಾತು. "ಅಬ್ಬಬ್ಬಾ, ಎಷ್ಟ್ ಅದಾವ!" ಅಂದೆ, ಸ್ವಲ್ಪ ಜೋರಾಗಿ. ಅಷ್ಟೇ. ಎಲ್ಲವೂ ಒಮ್ಮೆಲೇ ಮೇಲೆದ್ದವು. ಹಾನಾ ತುಟಿಯ ಮೇಲೆ ಬೆರಳಿಟ್ಟು ನನ್ನನ್ನೇ ನೋಡಿದಳು. ಐವತ್ತು ದಾಟಿದವನು, ಹೋಂವರ್ಕ್ ಮಾಡದ ಹುಡುಗನ ಹಾಗೆ ನಿಂತೆ. ಅವರೆಷ್ಟು ಶಿಸ್ತಿನ ಜನ, ನಾವೆಷ್ಟು ಗದ್ದಲದವರು! ಆ ನಾಚಿಕೆ ತಲೆಯಲ್ಲೇ ಉಳಿದುಬಿಟ್ಟಿತು.

ಈಗ ಭಾನುವಾರಕ್ಕೆ ಬರೋಣ. ಅಂದು ನನ್ನ ಮಗಳು ಗಿರಿಜಾಳ ಮೊದಲ ಕಛೇರಿ. ಸಣ್ಣವಳಿದ್ದಾಗಿನಿಂದ ಹಿಂದೂಸ್ತಾನಿ ಸಂಗೀತ ಕಲಿಯುತ್ತಿದ್ದಾಳೆ. ಹೋದ ವರ್ಷ ಒಂದು ಸ್ಪರ್ಧೆಯಲ್ಲಿ ಗಂಟಲು ಕಟ್ಟಿ, ಹಾಡನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದಿದ್ದಳು. ಆಮೇಲೆ ಎಷ್ಟೋ ದಿನ ತಂಬೂರಿ ಮುಟ್ಟಲಿಲ್ಲ. ಅಂದು ಗದಗಿನ ಬಸ್ಸಿನಲ್ಲಿ ಮೆಲ್ಲಗೆ ಹೇಳಿದಳು: "ಅಪ್ಪಾ, ಇವತ್ತೂ ಹಂಗ ಆತಂದ್ರ ನಾ ಮತ್ತ ವೇದಿಕಿ ಹತ್ತಂಗಿಲ್ಲ. ಖರೇನ ಹೇಳಾಕತ್ತೇನಿ."

ನಾನು ಬಸ್ಸಿನ ಟಿಕೆಟ್ಟನ್ನು ಮಡಚಿ ಮಡಚಿ ಹರಿದೇಬಿಟ್ಟೆ.

ಸಭಾಂಗಣದಲ್ಲಿ ಜಮಖಾನೆ ಹಾಸಿದ್ದರು. ಮುಂದಿನ ಸಾಲಿನ ನಟ್ಟನಡುವೆ ಮುಂಡರಗಿಯ ಬಸಣ್ಣ ಕಾಕಾ. ಹತ್ತಿ ವ್ಯಾಪಾರವನ್ನು ಮಗನಿಗೆ ಬಿಟ್ಟಿದ್ದಾರೆ. ಈಗ ಅವರಿಗಿರುವ ಉದ್ಯೋಗ ಸಂಗೀತ ಕೇಳುವುದೊಂದೇ. ಎಲ್ಲಿ ಕಛೇರಿ ಇದ್ದರೂ ಮೊದಲ ಬಸ್ಸಿಗೆ ಹಾಜರು. ತೊಡೆಯ ಮೇಲೆ ತಾಳ ಹಾಕುತ್ತಾರೆ, ಸ್ವರ ಸರಿಯಾಗಿ ಹತ್ತಿತೆಂದರೆ "ವ್ಹಾ!" ಅನ್ನುತ್ತಾರೆ. ಆ "ವ್ಹಾ" ಹೊರಗೆ ನಿಂತ ಆಟೋದವರಿಗೂ ಕೇಳಿಸುತ್ತದೆ.

"ಕಾಕಾ, ತಪ್ಪ ತಿಳ್ಕೋಬ್ಯಾಡ್ರಿ. ಪರದೇಶದ ಹುಡುಗಿ ಬಂದಾಳ. ಆಕಿನ್ನ ಇಲ್ಲೆ ಕುಂಡ್ರಸ್ತೀನಿ. ನೀವು ಒಂಚೂರು ಹಿಂದ..."

"ಅದಕ್ಕೇನಾತು ಬಿಡಪಾ." ಮೊಣಕಾಲು ಹಿಡಿದುಕೊಂಡು ಎದ್ದರು.

ಅಲ್ಲಿಗೆ ಬಾಯಿ ಮುಚ್ಚಿಕೊಳ್ಳಬೇಕಿತ್ತೋ ಇಲ್ಲವೋ? "ಮತ್ತ ಕಾಕಾ, ಇವತ್ತ ಆ ವ್ಹಾ ಅನ್ನೂದು ಕಡಿಮಿ ಮಾಡ್ರಿ. ಅವ್ರ ದೇಶದಾಗ ಕಛೇರಿ ನಡದಾಗ ಯಾರೂ ಮಿಸುಕಾಡಂಗಿಲ್ಲಂತ."

ಕಾಕಾ ನನ್ನ ಮುಖ ಒಮ್ಮೆ ನೋಡಿದರು. ಹೋಗಿ ಹಿಂದಿನ ಗೋಡೆಗೆ ಒರಗಿ ಕೂತರು. ಸುತ್ತ ಕೂತವರೆಲ್ಲ ನನ್ನ ಮಾತು ಕೇಳಿಸಿಕೊಂಡಿದ್ದರು.

ಗಿರಿಜಾ ತೋಡಿ ರಾಗ ಶುರು ಮಾಡಿದಳು. ನಾನು ಮಗಳನ್ನು ನೋಡಲೇ ಇಲ್ಲ, ಪಕ್ಕದಲ್ಲಿದ್ದ ಹಾನಾಳ ಮುಖವನ್ನೇ ನೋಡುತ್ತಿದ್ದೆ. ಕಣ್ಣು ಮುಚ್ಚಿ, ಕೈ ಕಟ್ಟಿ ಕೂತಿದ್ದಳು. ತಲೆ ಅಲ್ಲಾಡದು, ಬೆರಳು ಅಲ್ಲಾಡದು. ಬೇಸರ ಬಂತೇ? ನಿದ್ದೆ ಹತ್ತಿತೇ? ಇವಳಿಗೆ ಸೇರದಿದ್ದರೆ ಏನು ಗತಿ?

ತಾಳ ಒಂದು ಸುತ್ತು ಮುಗಿಸಿ ಮತ್ತೆ ಮೊದಲ ಪೆಟ್ಟಿಗೆ ಬಂದು ಸೇರುವ ಜಾಗಕ್ಕೆ ಸಮ್ ಅನ್ನುತ್ತಾರೆ. ಅಲ್ಲಿ ನಮ್ಮ ಕಡೆಯ ಕೇಳುಗರ ತಲೆ ತಾನಾಗಿಯೇ ತೂಗುತ್ತದೆ. ಹಾಡುವವರಿಗೆ ಅದೇ ಧೈರ್ಯ. ಅಂದು ಒಂದೇ ಒಂದು ತಲೆ ತೂಗಲಿಲ್ಲ. ಗಿರಿಜಾ ಮುಂದಿನ ಸಾಲು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಕಲ್ಲಾಗಿ ಕೂತಿದ್ದೆ.

ಸ್ವಲ್ಪ ಹೊತ್ತಿಗೆ ಅವಳ ಧ್ವನಿ ನಡುಗಿತು. ಮುಂದಿನ ಸುತ್ತಿನಲ್ಲಿ ಸಮ್ ತಪ್ಪಿತು. ತಬಲಾದವರು ಹಾರ್ಮೋನಿಯಂನವರ ಮುಖ ನೋಡಿದರು. ತಂಬೂರಿಯ ಮೇಲೆ ಮಗಳ ಬೆರಳು ನಿಧಾನವಾಯಿತು. ಎದ್ದುಬಿಡುತ್ತಾಳೆ, ಈಗ ಎದ್ದುಬಿಡುತ್ತಾಳೆ!

"ಹಾಡವಾ, ಹಾಡು! ನಾವ್ ಅದೇವಿ!"

ಗೋಡೆಯ ಕಡೆಯಿಂದ ಬಂತು. ಕಾಕಾ!

ಗಿರಿಜಾ ಉಸಿರು ಎಳೆದುಕೊಂಡಳು. ಕಣ್ಣು ಮುಚ್ಚಿ ಮತ್ತೆ ಎತ್ತಿಕೊಂಡಳು. ಈ ಸಲ ಸರಿಯಾಗಿ ಸಮ್‌ಗೆ ಬಂದು ಕೂತಳು. "ವ್ಹಾ!" ಅಂದರು ಕಾಕಾ. ಅಷ್ಟು ಸಾಕಾಯಿತು. ಅಲ್ಲೊಂದು "ಭಲೇ", ಇಲ್ಲೊಂದು "ವ್ಹಾ". ಸಭೆಗೆ ಜೀವ ಬಂತು, ನನಗೂ ಬಂತು. ಅವಳು ಪೂರ್ತಿ ಒಂದು ತಾಸು ಹಾಡಿದಳು.

ಮುಗಿದಾಗ ಹಾನಾಳ ಕಣ್ಣು ಒದ್ದೆಯಾಗಿತ್ತು. "ನಾನು ಅಲುಗಿದರೆ ಹಾಡು ಹಾರಿಹೋಗುತ್ತದೆ ಅನ್ನಿಸಿತು" ಅಂದಳು ತನ್ನ ಇಂಗ್ಲಿಷಿನಲ್ಲಿ. ಆಮೇಲೆ ಕೇಳಿದಳು, "ಹಿಂದಿನಿಂದ ಕೂಗಿದ ಅಜ್ಜ ಯಾರು? ನಮ್ಮಲ್ಲಿ ಹಾಗೆ ಕೂಗಲು ಬಿಡುವುದಿಲ್ಲ. ನಾಳೆಯಿಂದ ನಾನೂ ಕಲಿಯುತ್ತೇನೆ."

ಈ ಮಾತನ್ನು ಮೊದಲೇ ಹೇಳಬಾರದಿತ್ತೇ ಮಾರಾಯ್ತಿ!

ಕಾಕಾನ ಹತ್ತಿರ ಹೋದೆ. "ತಪ್ಪಾತ್ರಿ ಕಾಕಾ."

"ಇರ್ಲಿ ಬಿಡಪಾ. ಹಿಂದ ಕುಂತ್ರ ಕಿವಿ ಏನ್ ಹಿಂದ ಉಳೀತಾವೇನು?" ಅಂದು ಚಪ್ಪಲಿ ಹುಡುಕಲು ಹೊರಟರು.

ವಾಪಸು ಬಸ್ಸಿನಲ್ಲಿ ಗಿರಿಜಾ ಕಿಟಕಿಯ ಪಕ್ಕ ಕೂತಿದ್ದಳು, ಹಾನಾ ಮುಂದಿನ ಸೀಟಿನಲ್ಲಿ. ನನಗೆ ತಡೆಯಲಾಗಲಿಲ್ಲ. "ಆ ಹಾನಾ ಒಟ್ಟ ಅಲುಗಾಡ್ಲೇ ಇಲ್ಲ ನೋಡು. ಅದಕ್ಕ ನೀ ಗಾಬರಿ ಆದಿ" ಅಂದೆ, ತಪ್ಪನ್ನು ಮೆಲ್ಲಗೆ ಆ ಹುಡುಗಿಯ ಕೊರಳಿಗೆ ಕಟ್ಟುತ್ತ.

ಗಿರಿಜಾ ನನ್ನ ಕಡೆ ತಿರುಗಿದಳು.

"ಆಕಿ ಪರದೇಶದಾಕಿ, ಸುಮ್ನ ಕುಂತ್ಲು. ನೀ ಯಾವ ದೇಶದಾವ ಅಪ್ಪಾ?"