ನಮ್ಮತ್ತೆ ಮತ್ತು ಸ್ಪ್ಯಾನಿಯಲ್

ನಾಯಿ ಸಾಕುವ ಆಸೆ ನನ್ನ ಗಂಡನದು, ಸಾಕುವ ಕೆಲಸ ನನ್ನದು. ಹಾಸನದ ಸ್ನೇಹಿತರ ಮನೆಯಲ್ಲಿ ಉದ್ದ ಕಿವಿಯ ಕಾಕರ್ ಸ್ಪ್ಯಾನಿಯಲ್ ಮರಿ ನೋಡಿ ಮನಸೋತು, ರಟ್ಟಿನ ಡಬ್ಬದಲ್ಲಿಟ್ಟುಕೊಂಡು ಹೊಳೆನರಸೀಪುರಕ್ಕೆ ತಂದೇಬಿಟ್ಟರು. "ಪಾಪದ್ದು ಕಣೆ, ಒಂದ್ ಮೂಲೇಲಿ ಬಿದ್ದಿರ್ತದೆ" ಅಂದರು.

ಬಿದ್ದಿರುತ್ತದಂತೆ! ಬೇಟೆಗೆಂದೇ ಬೆಳೆಸಿದ ಜಾತಿ ಅದು. ಬೆಳಿಗ್ಗೆ ಹೊಳೆ ದಂಡೆಯಲ್ಲಿ ಓಡಾಡಿಸಿಕೊಂಡು ಬಂದರೆ ನನಗೆ ಏದುಸಿರು, ಅದಕ್ಕೆ ಆಗಷ್ಟೇ ಎದ್ದ ಹುರುಪು. ಮನೆ ಮುಂದಿನ ನಮ್ಮ ತೆಂಗಿನಕಾಯಿ ಅಂಗಡಿಗೆ ನುಗ್ಗಿ, ರಾಶಿಯಿಂದ ಒಂದು ಕಾಯಿಯನ್ನು ಜುಟ್ಟು ಕಚ್ಚಿ ತಂದು ಗಿರಾಕಿಯ ಕಾಲ ಬಳಿ ಇಟ್ಟು ಬಾಲ ಅಲ್ಲಾಡಿಸುತ್ತಿತ್ತು. ಬೈಯೋಣವೆಂದರೆ ಆ ಕಣ್ಣು ನೋಡಿ ನನಗೆ ಮನಸ್ಸು ಬರುತ್ತಿರಲಿಲ್ಲ.

ಅತ್ತೆಗೆ ಮಾತ್ರ ನಾಯಿ ಕಂಡರಾಗದು. ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಬರುವ ಹೊತ್ತಿಗೆ ಸರಿಯಾಗಿ ಅದು ಅವರ ಸೀರೆ ನೆರಿಗೆಗೆ ಮೂಗು ಒರೆಸುತ್ತಿತ್ತು. ಮತ್ತೆ ಸ್ನಾನ, ಮತ್ತೆ ಗೊಣಗಾಟ.

ಒಂದು ಬೆಳಿಗ್ಗೆ ಹೊಳೆಯಲ್ಲಿ ಮುಳುಗಿ ಬಂದ ನಾಯಿ ನನ್ನ ಕೈಯಿಂದ ತಪ್ಪಿಸಿಕೊಂಡು ಒಳಕ್ಕೆ ಓಡಿತು. ಹಜಾರವೆಲ್ಲ ನೀರು. ಹೂ ಹಿಡಿದು ಬರುತ್ತಿದ್ದ ಅತ್ತೆ ಜಾರಿಬಿದ್ದು ಎಡಗೈ ಮುರಿದುಕೊಂಡರು.

"ಇವತ್ತು ಕೈ, ನಾಳೆ ಸೊಂಟ. ಇದನ್ನ ಕಟ್ಟಾಯದ ನಮ್ ಮಾವನ ತ್ವಾಟಕ್ಕೆ ಬುಟ್ಟು ಬತ್ತೀನಿ" ಅಂದರು ನನ್ನ ಗಂಡ. ಅವರು ಹೇಳಿದ್ದು ತಪ್ಪಲ್ಲ. ಆದರೆ ಆ ತೋಟದಲ್ಲಿ ನಾಯಿಯನ್ನು ಹಗಲೆಲ್ಲ ಸರಪಳಿಯಲ್ಲಿ ಕಟ್ಟುತ್ತಾರೆ. ಒಂದು ಗಳಿಗೆ ಸುಮ್ಮನೆ ಕೂರದ ಜೀವ, ಕಟ್ಟಿಹಾಕಿದರೆ ಉಳಿದೀತೆ? ಗಂಡನ ಜೊತೆ ಮಾತು ಬಿಟ್ಟೆ.

ಹೊರಡುವ ದಿನ ಅದು ಏನೂ ತಿಳಿಯದೆ, ಕುಣಿಯುತ್ತ ಅಂಗಡಿಯ ವ್ಯಾನು ಹತ್ತಿ ಕೂತಿತು. ಅತ್ತೆ ಪಟ್ಟಿ ಕಟ್ಟಿದ ಕೈ ಹಿಡಿದುಕೊಂಡು ಬಾಗಿಲಿಗೆ ಬಂದರು. ಏನನ್ನಿಸಿತೋ, ಮುಖ ಆಚೆ ತಿರುಗಿಸಿ ಮೆತ್ತಗೆ, "ಹಚಾ... ಓಗು" ಅಂದರು.

ನಾಯಿ ವ್ಯಾನಿನಿಂದ ಹಾರಿ ಅವರತ್ತಲೇ ಓಡಿ ಬಂತು!

ನಮ್ಮ ಕಡೆ ನಾಯಿ ಓಡಿಸಲು ಹೇಳುವ ಮಾತು ಅದು. ಗಂಡ ಇಟ್ಟ ಇಂಗ್ಲಿಷ್ ಹೆಸರು ಅತ್ತೆಯ ನಾಲಗೆಗೆ ಹೊರಳದೆ, ಮೊದಲ ದಿನದಿಂದಲೂ ಅವರು ಅದಕ್ಕೆ ಹೇಳಿದ್ದು 'ಹಚಾ' ಒಂದೇ. ಆದರೆ ದಿನಾ ಹಿತ್ತಲಲ್ಲಿ, ಯಾರೂ ನೋಡುತ್ತಿಲ್ಲವೆಂದುಕೊಂಡು, "ಹಚಾ, ಹಚಾ" ಅನ್ನುತ್ತಲೇ ಅಕ್ಕಿರೊಟ್ಟಿ ಚೂರು ಎಸೆಯುತ್ತಿದ್ದರು. ಅಡುಗೆಮನೆ ಕಿಟಕಿಯಿಂದ ನಾನು ನೋಡುತ್ತಿದ್ದೆ. ನಾಯಿ ಅದನ್ನೇ ತನ್ನ ಹೆಸರು ಅಂದುಕೊಂಡಿತ್ತು.

"ಅವ್ವಾ, ಗ್ವಾಡೆ ಇಡ್ಕೊ!" ಎಂದು ಗಂಡ ಕೂಗಿದರು. ಅಷ್ಟರಲ್ಲಿ ಅತ್ತೆ ಜಗುಲಿಯ ಮೇಲೆ ಕೂತಾಗಿತ್ತು. ನಾಯಿ ಅವರ ಬಲಗೈಯನ್ನು ಮೂಸಿ ಮೂಸಿ ಹುಡುಕುತ್ತಿತ್ತು.

"ಓಗು ಅಂದ್ರೆ ಬತ್ತದಲ್ಲೋ ಇದು. ಇನ್ನೇನಂತ ಓಡಿಸ್ಲಿ?" ಅನ್ನುತ್ತ ಅತ್ತೆ ಅತ್ತೇಬಿಟ್ಟರು.

"ಮತ್ತೆ ಬಿದ್ರೆ?" ಅಂದರು ಗಂಡ.

"ಬಿದ್ರೆ ನಾನ್ ಬೀಳ್ತೀನಿ ಬುಡು. ಅದರ ಹಾಸಿಗೆ ಇಳಿಸು."

ಗಂಡ ವ್ಯಾನಿನಿಂದ ಹಾಸಿಗೆ ಇಳಿಸಿದರು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಬರೀ ಕೈ ನೆಕ್ತಾ ಅದೆ ಕಣವ್ವ. ಒಳಗಿಂದ ಒಂದ್ ರೊಟ್ಟಿ ತತ್ತಾ."