ಮುಮ್ತಾಜಳ ಮೂರು ಮೇನ್‌ಗಳು

ಹರಿಹರದ ಮುಮ್ತಾಜ್ ದಾವಣಗೆರೆಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಹನ್ನೊಂದು ವರ್ಷ ಕಂಪ್ಯೂಟರ್ ಲ್ಯಾಬಿನ ಅಟೆಂಡರ್ ಆಗಿದ್ದಳು. ಈ ಜೂನ್‌ನಲ್ಲಿ ಆ ಹುದ್ದೆಯನ್ನೇ ತೆಗೆದರು. ಕಾಲೇಜು ನಡೆಸುವ ಲ್ಯಾಬ್ ಪರೀಕ್ಷೆ ಪಾಸಾದರೆ ಅದೇ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್, ಇಲ್ಲವಾದರೆ ಮನೆ. ನಲವತ್ತೆರಡನೇ ವಯಸ್ಸಿನಲ್ಲಿ, ದೂರಶಿಕ್ಷಣದ ಡಿಗ್ರಿ ಹಿಡಿದು ಅವಳು ಪರೀಕ್ಷೆಗೆ ಕೂತಳು.

ಮೌಸ್ ಮುಟ್ಟದೆ, ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಿ, ಸಿ ಭಾಷೆಯ ಎರಡು ಫೈಲುಗಳನ್ನು ಕಂಪೈಲ್ ಮಾಡಬೇಕು, ಅಸೆಂಬ್ಲಿ ಭಾಷೆಯ ಒಂದು ಫೈಲನ್ನು ಅಸೆಂಬಲ್ ಮಾಡಬೇಕು, ಅಂದರೆ ಪ್ರತಿಯೊಂದನ್ನೂ ಯಂತ್ರಕ್ಕೆ ತಿಳಿಯುವ ಒಂದೊಂದು ತುಂಡಾಗಿಸಬೇಕು. ಬಂದ ಮೂರು ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಓಡಿಸಬೇಕು. ಅದು ಓಡಿತು. ಆಗ ಪರೀಕ್ಷಕಿ ಪದ್ಮಶ್ರೀ, ಪ್ರೋಗ್ರಾಂ ಶುರುವಾಗುವ ‘ಮೇನ್’ ಭಾಗದಲ್ಲಿ ಒಂದು ಸಾಲು ಬದಲಿಸಲು ಹೇಳಿದರು. ಮುಮ್ತಾಜ್ ಬದಲಿಸಿ, ಬೇರೆ ಹೆಸರಿಟ್ಟು ಉಳಿಸಿ, ಕಂಪೈಲ್ ಮಾಡಿ ಜೋಡಿಸಿದಳು. ಮೇನ್ ಎರಡು ಕಡೆ ಇದೆ ಎಂದು ಪರದೆ ತಕರಾರು ತೆಗೆಯಿತು.

ಫೈಲಿನಲ್ಲಿ ಹುಡುಕಿದಳು. ಒಂದೇ ಇತ್ತು. ಎಲ್ಲೋ ತಪ್ಪಿರಬೇಕೆಂದು ಅದನ್ನೇ ಮತ್ತೆ ಬರೆದು ಇನ್ನೊಂದು ಹೆಸರಿಟ್ಟಳು. ತಕರಾರು ಇನ್ನಷ್ಟು ಉದ್ದವಾಯಿತು.

“ಏನಮ್ಮ, ಜಗಳ ಜೋರೈತೆ,” ಎಂದರು ಪಕ್ಕದಲ್ಲಿ ನಿಂತು ನೋಡುತ್ತಿದ್ದ ವಿಭಾಗದ ಮುಖ್ಯಸ್ಥ ವಾಮದೇವಪ್ಪ.

“ಮೇನ್ ಮೂರದಾವಂತೆ ಸರ್. ನಾ ಬರ್ದಿದ್ದು ಒಂದೇರಿ.”

“ನೀವು ಏನೇನು ಜೋಡ್ಸಾಕ ಹೇಳೀರಿ, ಅದನ್ನ ನೋಡ್ರಿ,” ಎಂದರು ಪದ್ಮಶ್ರೀ.

“ಹೇಳಿಕೊಟ್ರೆ ಪರೀಕ್ಷೆ ಯಾಕ್ ಬೇಕ್ರಿ ಮೇಡಂ?” ಎಂದು ವಾಮದೇವಪ್ಪ ತಡೆದರು.

ಹತ್ತು ನಿಮಿಷ ಉಳಿದಿತ್ತು. ಮುಮ್ತಾಜ್ ಕಮಾಂಡ್ ಕೊಟ್ಟು ಫೋಲ್ಡರಿನ ಪಟ್ಟಿ ತೆರೆದಳು. ಹಳೆಯ ತುಂಡುಗಳೆಲ್ಲ ಅಲ್ಲೇ ಇದ್ದವು. ಕಾಲೇಜಿಗೆ ಸೇರುವ ಮೊದಲು ಗಂಡ ಅಮ್ಜದನ ಟೈಲರ್ ಅಂಗಡಿಯಲ್ಲಿ ಒಂಬತ್ತು ವರ್ಷ ಬಟ್ಟೆ ಕತ್ತರಿಸಿದವಳು. ಅಳತೆ ತಪ್ಪಿದ ತುಂಡನ್ನೂ ಎಸೆದವಳಲ್ಲ. ಇಲ್ಲಿಯೂ ಎಸೆದಿರಲಿಲ್ಲ. ಆದರೆ ಜೋಡಿಸುವಾಗ ಒಂದೊಂದು ತುಂಡಿನ ಹೆಸರು ಬರೆಯುವ ಬೇಸರಕ್ಕೆ ಸ್ಟಾರ್ ಗುರುತು ಹಾಕಿದ್ದಳು. ಸ್ಟಾರ್ ಎಂದರೆ ಇದ್ದಬದ್ದದ್ದೆಲ್ಲ. ಹಳೆಯ ಮೇನ್‌ಗಳೂ ಸಾಲಿಗೆ ಬಂದು ನಿಂತಿದ್ದವು.

ಅಳಿಸಲು ಕೈ ಬರಲಿಲ್ಲ. ಬೇಕಾದ ಮೂರರ ಹೆಸರನ್ನಷ್ಟೇ ಒಂದೊಂದಾಗಿ ಬರೆದಳು. ಪ್ರೋಗ್ರಾಂ ಓಡಿತು.

“ಈಗ ಹೆಂಗೆ ಸರಿಹೋತು?” ವಾಮದೇವಪ್ಪ ಕೇಳಿದರು.

“ಹಳೇವನ್ನ ಕರೀಲಿಲ್ಲ ಸರ್. ಆದ್ರೆ ಯಾವುದು ಹಳೇದು ಅಂತ ಕಂಪ್ಯೂಟರಿಗೆ ಯಾಕ ಗೊತ್ತಾಗಲ್ಲ, ಅದು ನಂಗೂ ತಿಳೀಲಿಲ್ಲ.”

“ಹುಡುಗ್ರೂ ಅದನ್ನೇ ಕೇಳ್ತಾರೆ. ಸೋಮವಾರ ಮೊದಲ್ನೇ ಬ್ಯಾಚ್ ನಿಮ್ದು. ಅಷ್ಟ್ರಾಗ ತಿಳ್ಕೊಂಡು ಬರ್ರಿ.”

ಅಂದು ಶುಕ್ರವಾರ. ಕೆಲಸ ಸಿಕ್ಕಿತೆಂದು ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ಲ್ಯಾಬ್ ಮುಚ್ಚೋ ಐದು ಗಂಟೆ ತನಕ ಇಲ್ಲೇ ಕೂಡ್ಲೇನ್ರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಪರದೆಯತ್ತ ತಿರುಗಿದಳು.